ಷಡ್ಡಕನ ಹನ್ನೊಂದು ಸೋಲೋಗಳು

ನನ್ನ ಷಡ್ಡಕ ವಾರದಲ್ಲಿ ಆರು ದಿನ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಏಳನೆಯ ದಿನ ಗಿಟಾರು ಹಿಡಿದು ನಮ್ಮನ್ನೆಲ್ಲ ಎರಡು ಮಹಡಿಗಳ ಮಧ್ಯೆ ಸಿಕ್ಕಿಸುತ್ತಿದ್ದ.

ಭಾನುವಾರ ಮಧ್ಯಾಹ್ನ ಹೋಟೆಲೊಂದರ ಊಟದ ಹಾಲಿನಲ್ಲಿ ನಮ್ಮ ರಾಕ್ ಬ್ಯಾಂಡು. ಡ್ರಮ್ಮು ಮತ್ತು ಹಾಡು ನಮ್ಮಿಬ್ಬರ ಭಾಮೈದನದು. ಬೇಸ್ ಗಿಟಾರು ನನ್ನದು, ಅಂದರೆ ಇನ್ನೊಬ್ಬ ಮೆರೆಯುವಾಗ ಹಿಂದೆ ನಿಂತು ಮೂರೇ ಮೂರು ಸ್ವರ ರುಬ್ಬುವ ಕೆಲಸ.

ತಂತಿಯನ್ನು ಬೆರಳಿನಿಂದ ನೂಕಿ ಸ್ವರ ಬಗ್ಗಿಸುವುದು ಎಲ್ಲ ಗಿಟಾರಿನವರಿಗೂ ಗೊತ್ತು. ಇವನು ಬಗ್ಗಿಸಿದರೆ ಸ್ವರ ಮುಟ್ಟಬೇಕಾದ ಜಾಗಕ್ಕಿಂತ ಕೂದಲೆಳೆ ಕೆಳಗೆ ನಿಂತು, ನಡುಗಿ, ಸತಾಯಿಸಿ, ಆಮೇಲೆ ಮೇಲೆ ಹತ್ತುತ್ತಿತ್ತು. ಆ ಕಾಯುವಿಕೆಯಲ್ಲಿ ಗಿರಾಕಿಯೊಬ್ಬರ ಕಟ್ಟಿಸಿದ ಹಲ್ಲು ಸೂಪಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಎರಡೂ ಕೈಗಳಿಂದ ಗಿಟಾರಿನ ಕತ್ತಿನ ಮೇಲೆ ಟಪಟಪ ಕುಟ್ಟುವುದು. ಕೊನೆಗೆ ಆಂಪ್ಲಿಫೈಯರಿನ ಮುಂದೆ ನಿಂತು ಅದರ ಕೈಲಿ ಕಿರುಚಿಸುವುದು.

"ಒಂದ್ಸಲ ನುಡಿಸಿದ್ದನ್ನ ಇನ್ನೊಂದ್ಸಲ ನುಡಿಸಿದೋನಲ್ಲ ನಾನು. ಎಲ್ಲಾ ಆಗಿಂದಾಗ್ಲೇ ಹುಟ್ಟೋದು" ಎನ್ನುತ್ತಿದ್ದ.

"ಹುಟ್ಟೋದು ಗೊತ್ತಾಯ್ತು ಭಾವ, ಸಾಯೋದು ಯಾವಾಗ?" ಎನ್ನುತ್ತಿದ್ದ ಭಾಮೈದ.

ಭಾಮೈದ ಡ್ರಮ್ಮಿನ ಕೋಲು ಎತ್ತಿದಾಗ ಸೋಲೋ, ಅಂದರೆ ಇವನೊಬ್ಬನೇ ಮೆರೆಯುವ ಭಾಗ, ಮುಗಿಸಬೇಕೆಂದು ಒಪ್ಪಂದವಿತ್ತು. ಆದರೆ ಇವನು ನುಡಿಸುವಾಗ ಕಣ್ಣು ಮುಚ್ಚಿರುತ್ತಿದ್ದ. ಒಮ್ಮೆ ನಾನು ಬೇಸ್ ಕೆಳಗಿಟ್ಟು, ಎದುರಿನ ಅಂಗಡಿಗೆ ಹೋಗಿ ಗಡ್ಡ ಬೋಳಿಸಿಕೊಂಡು ಬಂದೆ. ಸೋಲೋ ಮುಗಿಯುವ ಹೊತ್ತಿಗೆ ಮತ್ತೆ ಬೆಳೆದಿತ್ತು.

ಕಡೆಗೂ ಮ್ಯಾನೇಜರು ಗಡುವು ಕೊಟ್ಟ. "ಎರಡು ನಿಮಿಷ. ಒಂದು ಸೆಕೆಂಡ್ ಜಾಸ್ತಿಯಾದ್ರೆ ಮುಂದಿನ ವಾರದಿಂದ ಪಿಯಾನೋದವಳು ಬರ್ತಾಳೆ."

ಷಡ್ಡಕನ ಮುಖ ಇಳಿದುಹೋಯಿತು. ಆ ಒಂದು ಮಧ್ಯಾಹ್ನದ ಆಸೆಗೇ ಅವನು ಆರು ದಿನ ಕತ್ತಲ ಗುಂಡಿಗಳಲ್ಲಿ ಗ್ರೀಸು ಬಳಿದುಕೊಂಡು ನೇತಾಡುತ್ತಿದ್ದದ್ದು.

"ಕಣ್ಣು ಬಿಟ್ಟು ನುಡಿಸಿ, ಅಷ್ಟೇ ತಾನೆ?" ಎಂದಳು ಅವನ ಹೆಂಡತಿ, ನನ್ನ ನಾದಿನಿ.

"ಕಣ್ಣು ಬಿಟ್ರೆ ಸ್ವರ ಬರಲ್ಲ ಕಣೇ."

"ಲಿಫ್ಟೂ ಕಣ್ಮುಚ್ಕೊಂಡೇ ರಿಪೇರಿ ಮಾಡ್ತೀರಾ? ಜನಕ್ಕೆ ಮೊದ್ಲೇ ಹೇಳ್ಬಿಡಿ, ಪಾಪ."

ಮುಂದಿನ ಭಾನುವಾರ ಕಣ್ಣು ಬಿಟ್ಟೇ ಶುರು ಮಾಡಿದ. ಬೆರಗಾಗಿ ಕೂತ ಜನಸಾಗರ ಅವನ ಕಲ್ಪನೆಯಲ್ಲಿತ್ತು; ಕಂಡದ್ದು ಅಗಿಯುತ್ತಿದ್ದ ದವಡೆಗಳು, ಕಿವಿಗೆ ಬೆರಳಿಟ್ಟುಕೊಂಡ ಇಬ್ಬರು ಮಕ್ಕಳು. ಅಡುಗೆಮನೆ ಬಾಗಿಲ ಪಕ್ಕದ ಮೇಜಿನಲ್ಲಿ ಹೆಂಡತಿ ಎಂದಿನಂತೆ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳು ವಾರವಾರವೂ ಬರುವುದು ಪುಕ್ಕಟೆ ಊಟಕ್ಕೆಂದು ಇವನ ತಿಳಿವಳಿಕೆ.

ಇವನು ಸ್ವರ ಬಗ್ಗಿಸಿದ. ಅವಳ ಹುಬ್ಬು ಅದಕ್ಕೂ ಮೊದಲೇ ಮೇಲೇರಿತ್ತು. ಸಣ್ಣ ತಂತಿಗೆ ಹಾರಿದ. ಅವಳ ತಲೆ ಆಗಲೇ ಅತ್ತ ವಾಲಿತ್ತು. ಕುಟ್ಟಲು ಕೈ ಎತ್ತುವಷ್ಟರಲ್ಲಿ ಅವಳ ಬೆರಳುಗಳು ಮೇಜಿನ ಮೇಲೆ ಅದನ್ನೇ ಕುಟ್ಟುತ್ತಿದ್ದವು. ತಪ್ಪಿಸಿಕೊಳ್ಳಲೆಂದು ಏನೋ ಹೊಸದನ್ನು ಎಳೆದ. ಅವಳು, ಹೌದು, ಇನ್ನು ಇದೇ ಬರಬೇಕು ಎನ್ನುವ ಹಾಗೆ ತಲೆಯಾಡಿಸಿದಳು.

ಷಡ್ಡಕನ ಕೈ ನಿಂತೇಹೋಯಿತು. ಭಾಮೈದ ಗಾಬರಿಯಲ್ಲಿ ಡ್ರಮ್ಮಿನ ತಾಳದ ತಟ್ಟೆಗೆ ಝಣ್ಣನೆ ಬಾರಿಸಿ ಮುಗಿಸಿದ. ಮ್ಯಾನೇಜರು ಗಡಿಯಾರ ನೋಡಿದ: ಒಂದು ನಿಮಿಷ ಐವತ್ತು ಸೆಕೆಂಡು. ಚಪ್ಪಾಳೆಯೂ ಬಿತ್ತು, ಮುಗಿದದ್ದಕ್ಕೋ ಏನೋ.

"ನಿಂಗೆ ಹೇಗೇ ಗೊತ್ತು?" ಎಂದ ಅವಳ ಮೇಜಿಗೆ ಹೋಗಿ.

"ಹದಿನೇಳು ವರ್ಷದಿಂದ ಮನೇಲಿ ಕೇಳ್ತಿದೀನಿ. ಇರೋದೇ ಹನ್ನೊಂದು. ಇವತ್ತಿಂದು ಏಳನೇದು, ಗೀಸರ್ ಕೆಟ್ಟ ದಿನ ಹುಟ್ಟಿದ್ದು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಟ್ಬಿಡ್ತಿದ್ರಿ." ಹಲ್ಲಿನಿಂದ ದಾರ ಕಡಿದಳು. "ಏಳನೇದು ನಂಗಿಷ್ಟ ಕಣ್ರೀ."

ಈಗ ಷಡ್ಡಕ ರೆಪ್ಪೆಯನ್ನೂ ಮಿಟುಕಿಸದೆ ಅವಳನ್ನೇ ದಿಟ್ಟಿಸಿಕೊಂಡು ಹನ್ನೆರಡನೆಯದನ್ನು ಹುಡುಕುತ್ತಾನೆ. ಹುಬ್ಬು ಮೊದಲೇ ಏರಿದರೆ ಆ ದಾರಿ ಬಿಟ್ಟು ಬೇರೆ ಕಡೆ ಓಡುತ್ತಾನೆ. ಹೋದ ವಾರ ಒಂದು ಸ್ವರಕ್ಕೆ ಅವಳ ಸೂಜಿ ಗಕ್ಕನೆ ನಿಂತಿತು, ಬೆರಳಿಗೂ ಚುಚ್ಚಿಕೊಂಡಳು. ಇವನು ಗೆದ್ದವನಂತೆ ಅಲ್ಲಿಗೇ ಗಿಟಾರು ಕೆಳಗಿಟ್ಟುಬಿಟ್ಟ. ನಲವತ್ತೇ ಸೆಕೆಂಡು.

ಮ್ಯಾನೇಜರು ಓಡಿಬಂದು ಜಗಳ ತೆಗೆದ: "ಏನ್ರೀ ಇದು, ಇಷ್ಟೇನಾ?"