ಹನಮವ್ವನ ಅಡ್ಡಗೈ

ಮೂಡಲಗಿಯ ಸಾತಪ್ಪನ ಅಂಗಡಿಗೆ ಬೋರ್ಡೇ ಇರಲಿಲ್ಲ. ಅದರ ಗರಜೂ ಇರಲಿಲ್ಲ. ‘ಪಾಜ್ ಸಾತಪ್ಪ ಎಲ್ಲಿ?’ ಎಂದರೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ತೂಕಡಿಸುವವರೂ ಕಣ್ಣು ತೆರೆಯದೆ ಕೈ ಮಾಡಿ ತೋರಿಸುತ್ತಿದ್ದರು. ಮೊದಲು ಅವನು ಹುಕ್ಕೇರಿಯಿಂದ ಗೋಕಾಕದವರೆಗೆ ಮದುವೆಗಳ ವಿಡಿಯೋ ಹೊಡೆದುಕೊಂಡಿದ್ದ. ಎರಡು ಸಾವಿರದ ನಾಲ್ಕರ ಸುಮಾರಿಗೆ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟ. ಸಿನಿಮಾದ ಸಿ.ಡಿ. ಹಾಕುವುದು, ಗಿರಾಕಿ ‘ಹಾಂ, ಅಲ್ಲೇ’ ಎಂದಲ್ಲಿ ‘ಪಾಜ್’ ಒತ್ತಿ ನಿಲ್ಲಿಸುವುದು, ನಿಂತ ಚಿತ್ರವನ್ನು ಹಿಡಿದು ಕಾಗದದ ಮೇಲೆ ಅಚ್ಚು ಹಾಕಿ ಕೊಡುವುದು, ಇದು ಅವನ ಹೊಸ ವಿದ್ಯೆಯಾಯಿತು.

ಹುಡುಗರು ಹೀರೋಯಿನ್‌ಗಾಗಿ ಬರುತ್ತಿದ್ದರು, ಟ್ರ್ಯಾಕ್ಟರಿನವರು ಹೀರೋನ ಮೀಸೆಗಾಗಿ. ಕಟಿಂಗ್ ಅಂಗಡಿಯ ಮಾಲಿಂಗಪ್ಪನ ಬೇಡಿಕೆ ಮಾತ್ರ ಬೇರೆ. ಪೋಸ್ಟರಿನಲ್ಲಿ ಇರುವುದೆಲ್ಲ ಮುಖ, ಕತ್ತರಿ ಹಿಡಿದವನಿಗೆ ಬೇಕಾದದ್ದು ಹಿಂದಲೆ. ಹೀರೋ ಯಾವಾಗ ಬೆನ್ನು ತಿರುಗಿಸುತ್ತಾನೆಂದು ಸಾತಪ್ಪ ಇಡೀ ಸಿನಿಮಾ ಕಾದು ಕೂತ. ಕೊನೆಗೆ ತಾಯಿ ಸಾಯುವ ದೃಶ್ಯದಲ್ಲಿ ಆ ಪುಣ್ಯಾತ್ಮ ಗೋಡೆಗೆ ಮುಖ ಮಾಡಿ ಅತ್ತ. ಅಂಗಡಿಯಲ್ಲಿ ನೋಡುತ್ತ ನಿಂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ ಸಾತಪ್ಪ ‘ಸಿಕ್ಕ ನೋಡ ಮಗ!’ ಎಂದು ಚಪ್ಪಾಳೆ ಹೊಡೆದ.

ಅಂದಿನಿಂದ ಅವನ ಬಡಾಯಿ ಹೆಚ್ಚಾಯಿತು. “ಒಮ್ಮೆ ಕ್ಯಾಮೆರಾದಾಗ ಬಂದ್ರ ಮುಗೀತ್ರಿ, ನನ್ನ ಕೈಯಾಗಿಂದ ಯಾರೂ ತಪ್ಪಿಸ್ಕೊಳ್ಳಂಗಿಲ್ಲ” ಎನ್ನುತ್ತಿದ್ದ.

ಆ ಮಾತು ಕೇಳಿಯೇ ಕೊಣ್ಣೂರಿನ ಶಿದ್ಲಿಂಗಪ್ಪ ಮಗಳು ಅನ್ನಪೂರ್ಣಾಳನ್ನು ಕರೆದುಕೊಂಡು ಬಂದ. ಅವನ ಹೆಂಡತಿ ಹನಮವ್ವ ತೀರಿಕೊಂಡಿದ್ದಳು. ದಿವಸದ ಊಟಕ್ಕೆ ಗೋಡೆಯ ಮೇಲೆ ಫೋಟೋ ಬೇಕು, ಮನೆಯಲ್ಲಿ ಅವಳದೊಂದೂ ಇಲ್ಲ. ಚುನಾವಣೆ ಕಾರ್ಡಿಗೆ ಫೋಟೋ ತೆಗೆಯುವವರು ಊರಿಗೆ ಬಂದ ದಿನ ಅವಳು ಬೇಕೆಂದೇ ಹೊಲಕ್ಕೆ ಹೋಗಿಬಿಟ್ಟಿದ್ದಳು.

“ನನ್ನ ಮದುವಿ ಸಿ.ಡಿ. ಒಂದ ಐತಿ ಅಣ್ಣಾ. ನೀವ ಹೊಡದದ್ದು” ಎಂದಳು ಅನ್ನಪೂರ್ಣಾ.

ಶಿದ್ಲಿಂಗಪ್ಪನ ದನಿ ಸಣ್ಣದಾಗಿತ್ತು. “ಈಗೀಗ ಆಕಿ ಮಾರಿ ನೆನಪ ಮಾಡ್ಕೊಳ್ಳಾಕ ಹೋದ್ರ ಬರೇ ಸೆರಗ ಕಾಣಾಕತ್ತೈತಿ, ತಮ್ಮಾ.”

ಸಾತಪ್ಪನಿಗೆ ಆ ಮದುವೆ ಚೆನ್ನಾಗಿ ನೆನಪಿತ್ತು. ಪಂಕ್ತಿಯಲ್ಲಿ ಉಣ್ಣುವವರ ಮುಂದೆ ಅವನು ಕ್ಯಾಮೆರಾ ಹಿಡಿದು ಹೊರಟರೆ ಹನಮವ್ವ ಎದುರಿಗೆ ಬಂದು ಅಂಗೈ ಅಡ್ಡ ಹಿಡಿದಿದ್ದಳು. “ಉಣ್ಣೋರ ಎಲಿ ಮ್ಯಾಲೆ ಕಣ್ಣ ಹಾಕ್ತೀ? ಹೊಟ್ಟಿ ನೋವ ಬಂದ್ರ ನಿಮ್ಮಪ್ಪ ನೋಡ್ತಾನೇನ? ಸರಿ ಅತ್ಲಾಗ!” ಎಂದು ಹತ್ತು ಮಂದಿಯ ಎದುರು ಅವನ ಮಾನ ಕಳೆದಿದ್ದಳು. ಆಮೇಲೆ ತಾನೇ ಕರೆದು, ಎಲೆ ಹಾಕಿ, ಅವನು ಬೇಡ ಬೇಡ ಎಂದರೂ ಕೇಳದೆ ಹೋಳಿಗೆ ಬಡಿಸಿದ್ದಳು. ಅವನು ಉಣ್ಣುವಷ್ಟು ಹೊತ್ತು ಯಾರ ಕಣ್ಣೂ ಬೀಳದಂತೆ ಮುಂದೆ ಅಡ್ಡ ನಿಂತಿದ್ದಳು.

“ಕುಂಡ್ರಿ ಕಾಕಾ, ಚಾ ಕುಡಿಯೂದ್ರಾಗ ಕೊಡ್ತೇನಿ” ಎಂದು ಸಾತಪ್ಪ ಸಿ.ಡಿ. ಹಾಕಿದ. ಅವಳು ಕಂಡ ಕಡೆ ನಿಲ್ಲಿಸಿದ, ಗುಂಡಿ ಒತ್ತಿದ, ಚಿತ್ರ ಹಿಡಿದ. ಪರದೆಯ ಮೇಲೆ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಅಚ್ಚಿನ ಯಂತ್ರದಿಂದ ಹೊರಬಂದದ್ದು ಮಾತ್ರ ಕಪ್ಪು ಕಾಗದ, ಹೆಂಚಿನ ತಳದಷ್ಟು ಕಪ್ಪು.

ಶಿದ್ಲಿಂಗಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಆಕಿ ಕಪ್ಪಗಿದ್ಲು ಖರೆ ತಮ್ಮಾ. ಆದ್ರ ಇಷ್ಟೇನ ಇರಲಿಲ್ಲ.”

ಸಾತಪ್ಪ ನಾಚಿ ನೀರಾದ. ಸಿನಿಮಾದ ಸಿ.ಡಿ.ಯಲ್ಲಿ ಎಂದೂ ಹೀಗಾಗಿರಲಿಲ್ಲ. ಗೋಕಾಕದ ಗೆಳೆಯನಿಗೆ ಫೋನ್ ಮಾಡಿ, ಅವನು ಹೇಳಿದಂತೆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಏನೋ ಒಂದನ್ನು ಎಡಕ್ಕೆ ಎಳೆದ. ಚಿತ್ರ ಈಗ ಕಾಗದದ ಮೇಲೂ ಮೂಡಿತು. ಆದರೆ ಹನಮವ್ವ ಮೂಡಬೇಕಲ್ಲ! ಒಂದೊಂದೇ ಚಿತ್ರ ಸರಿಸುತ್ತ ಹೋದ. ಒಂದರಲ್ಲಿ ಅಂಗೈ, ಇನ್ನೊಂದರಲ್ಲಿ ಮೊಣಕೈ, ಮತ್ತೊಂದರಲ್ಲಿ ಬೆನ್ನು. ಹೀರೋನ ಬೆನ್ನಿಗಾಗಿ ಇಡೀ ಸಿನಿಮಾ ಕಾದವನಿಗೆ ಈಗ ಬೆನ್ನು ಬಿಟ್ಟು ಬೇರೇನೂ ಸಿಗಲೊಲ್ಲದು. ಅಕ್ಕಿಕಾಳು ಹಾಕುವ ಗದ್ದಲದಲ್ಲಿ ಮಾತ್ರ ಎಲ್ಲರ ಹಿಂದೆ ಕಡಲೆಕಾಳಿನಷ್ಟು ಮುಖ ಕಂಡಿತು, ಬಾಯಿ ಮುಚ್ಚಿದ ಮುಖ. ದೊಡ್ಡದು ಮಾಡಿದರೆ ಅದು ಕೌದಿಯಂತೆ ಚೌಕ ಚೌಕವಾಗಿ ಒಡೆಯಿತು.

ಸೋಲೊಪ್ಪಲು ಸಾತಪ್ಪನಿಗೆ ಮನಸ್ಸಿಲ್ಲ. “ನಾಳಿ ಬರ್ರಿ” ಎಂದು ಅವರನ್ನು ಕಳಿಸಿ, ಚೌಕಗಳನ್ನೆಲ್ಲ ತಿಕ್ಕಿ ನುಣ್ಣಗೆ ಮಾಡಿದ. ಕಣ್ಣು ಕಾಣದಿದ್ದರೆ ಏನಾಯಿತು, ಯಾವುದೋ ಸಿನಿಮಾದ ತಾಯಿಯ ಕಣ್ಣು ತಂದು ಕೂರಿಸಿದ. ಹಣೆಗೆ ದೊಡ್ಡ ಕುಂಕುಮ ಇಟ್ಟ, ತಲೆಯ ಹಿಂದೆ ತುಸು ಬೆಳಕನ್ನೂ ಬಿಟ್ಟ. ನೋಡಿದರೆ ಕೈಮುಗಿಯಬೇಕು, ಹಾಗಿತ್ತು.

ಮರುದಿನ ಶಿದ್ಲಿಂಗಪ್ಪ ಅದನ್ನು ಬಹಳ ಹೊತ್ತು ನೋಡಿದ. “ಚಂದ ಅದಾಳ. ಯಾರಿಕಿ?”

ಸಾತಪ್ಪನ ಬಡಾಯಿಯ ಗಾಳಿ ಅಲ್ಲಿಗೇ ಹೋಯಿತು. ನಿಜ ಹೇಳಿ, ಸಿ.ಡಿ.ಯಲ್ಲಿ ಇದ್ದಬದ್ದದ್ದನ್ನೆಲ್ಲ ತೋರಿಸುತ್ತ ಹೋದ. ಒಂದು ಕಡೆ ಮುದುಕ ತಟ್ಟನೆ ಎದ್ದು ನಿಂತ.

“ನಿಲ್ಲಸು! ಇಕಿ ನೋಡ ನಮ್ಮಕಿ!”

ಪರದೆಯ ತುಂಬ ಅಂಗೈ. ಬೆರಳ ಸಂದಿಯಲ್ಲಿ ಕೆಂಡದಂಥ ಒಂದು ಕಣ್ಣು, ಮೂಗುತಿ, ಅರ್ಧ ತೆರೆದ ಬಾಯಿ.

“ಅಪ್ಪಾ, ಇದರಾಗ ಅವ್ವ ಬೈಯಾಕತ್ತಾಳ. ಮಂದಿ ಏನಂದಾರು?” ಎಂದಳು ಅನ್ನಪೂರ್ಣಾ.

“ಬೈಲಿ ಬಿಡವಾ. ಮನಿ ಭಣಭಣ ಅಂತೈತಿ” ಎಂದ ಮುದುಕ. ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ.

ದಿವಸದ ದಿನ ಸಾತಪ್ಪ ತಾನೇ ಫ್ರೇಮು ಕಟ್ಟಿಸಿಕೊಂಡು ಕೊಣ್ಣೂರಿಗೆ ಹೋದ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಹಾರ ಹಾಕಿದರು. ಬಂದವರು ಕೈಮುಗಿಯುವುದೋ ಹಿಂದೆ ಸರಿಯುವುದೋ ತಿಳಿಯದೆ ಒಂದು ಕ್ಷಣ ತಡವರಿಸಿ, ಆಮೇಲೆ ಗುರುತು ಹಿಡಿದು ನಗುತ್ತಿದ್ದರು. ಫೋಟೋದ ಕೆಳಗೇ ಪಂಕ್ತಿ ಕೂತಿತು. ಸಾತಪ್ಪ ರೂಢಿಯಂತೆ ಕ್ಯಾಮೆರಾ ತೆಗೆದು ಉಣ್ಣುವವರ ಕಡೆ ಹಿಡಿದ. ಅವರ ತಲೆಯ ಮೇಲೆ ಅಡ್ಡಗೈ ಕಂಡಿತು.

ಈ ಬೈಗುಳದ ಮುದುಕಿ ಇರಬೇಕಾಗಿತ್ತು ಎಂದು ಅವನಿಗೆ ಖರೆ ಖರೆ ಅನ್ನಿಸಿತು. ಕ್ಯಾಮೆರಾ ಚೀಲಕ್ಕೆ ಹಾಕಿದ.

“ಕುಂಡ್ರ ಬಾರೋ ಸಾತಪ್ಪಾ” ಎಂದು ಶಿದ್ಲಿಂಗಪ್ಪ ಅವನ ಮುಂದೆ ಎಲೆ ಹಾಸಿದ. “ನಿನ್ನ ಕಡೆ ಯಾರೂ ನೋಡೂದಿಲ್ಲ. ಆಕಿ ನಿಂತಾಳ.”