ಸೀತಾ ಮೇಡಂ ವೈಫೈಗೆ ಹಾಜರಿ ಕರೆದದ್ದು

ಹೊಸಮನೆಯ ಸೀತಾ ಮೇಡಂ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರು. ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹಿಂದೆ ಯಾವ ಬೆಂಚಿನಲ್ಲಿ ಪಿಸುಗುಡುತ್ತಿದ್ದಾರೆಂದು ಹೇಳಬಲ್ಲ ಕಿವಿ ಅವರದು. ನಿವೃತ್ತಿಯಾದ ಮೇಲೆ ಭಾನುವಾರ ಹತ್ತು ಗಂಟೆಗೆ ಒಂಬತ್ತು ಮಕ್ಕಳಿಗೆ ಆನ್‌ಲೈನ್ ಪಾಠ. ಅದೇ ಅವರ ಜೀವ. ಆ ಪಾಠಕ್ಕೇ ಈಗ ಸಂಚಕಾರ ಬಂದಿತ್ತು.

ಮೂರು ವಾರದಿಂದ ನಡುನಡುವೆ ವೈಫೈ ಕೈಕೊಡುತ್ತಿತ್ತು. ಭದ್ರಾವತಿಯ ವಿದ್ಯಾರ್ಥಿನಿ ಕವನಾಳ ಅಪ್ಪ ಯೋಗೇಶ್ ವಾಟ್ಸಾಪ್ ಗುಂಪಿನಲ್ಲಿ ಬರೆದೇಬಿಟ್ಟಿದ್ದರು: "ಈ ವಾರವೂ ಹೀಗೇ ಆದ್ರೆ ಬೇರೆ ಕ್ಲಾಸ್ ನೋಡ್ಕೊಳ್ತೀವಿ ಮೇಡಂ." ಉಳಿದವರೆಲ್ಲ ಅದಕ್ಕೆ ಹೆಬ್ಬೆರಳು ಒತ್ತಿದ್ದರು. ಮೇಡಂಗೆ ಅಳುವೇ ಬಂತು. "ಎಲ್ಲಾ ಆ ಇಂಟರ್‌ನೆಟ್‌ನವರ ಮೋಸ" ಎಂಬುದು ಗಂಡ ವೆಂಕಟಾಚಲ ಅವರ ದಿನನಿತ್ಯದ ಪಲ್ಲವಿ.

ಶನಿವಾರ ಮೇಡಂ ಇಂಟರ್‌ನೆಟ್ ಲೈನ್ ಹಾಕಿಕೊಟ್ಟ ಹಾಲೇಶನಿಗೆ ಫೋನ್ ಮಾಡಿದರು. ಅವನು ಓಲ್ಡ್ ಟೌನಿನಲ್ಲಿ ಕಂಬ ಹತ್ತಿದ್ದ. "ಮಂಗಳವಾರ ಬರ್ತೀನಿ ಅಮ್ಮ. ಅಷ್ಟರಲ್ಲಿ ರೂಟರ್ ಪೇಜ್ ತೆಗೆದು, ಯಾರ್ಯಾರು ಕನೆಕ್ಟ್ ಆಗಿದಾರೆ ನೋಡಿ" ಎಂದು ತೆಗೆಯುವ ಬಗೆ ಹೇಳಿಕೊಟ್ಟ.

ಮೇಡಂ ಪೆನ್ನು, ಹಾಳೆ ಹಿಡಿದು ಹಾಜರಿಗೆ ಕೂತರು. ಇಪ್ಪತ್ತಮೂರು ಹೆಸರು! ಮನೆಯವು ನಾಲ್ಕೇ. ಉಳಿದವು ಪಕ್ಕದ ಮನೆ ಹೂವಮ್ಮನ ಟೀವಿ, ಎದುರುಮನೆಯ ಫೋನು, ಗುರುತೇ ಇಲ್ಲದವು ಇನ್ನೆಷ್ಟೋ. ತಪ್ಪು ಯಾರದೆಂದು ಆಗ ಹೊಳೆಯಿತು. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರಿಗೆ ಅರಿಶಿನ ಕುಂಕುಮ, ಎಲೆ ಅಡಿಕೆಯ ಜೊತೆ, ಕೇಳಿದವರಿಗೆಲ್ಲ ಪಾಸ್‌ವರ್ಡನ್ನೂ ತಾವೇ ಧಾರಾಳವಾಗಿ ಕೊಟ್ಟಿದ್ದರು. ಮನೆಗೆ ಬಂದವರನ್ನು ಇಲ್ಲವೆಂದು ಕಳಿಸಿ ಅವರಿಗೆ ಅಭ್ಯಾಸವಿಲ್ಲ. ತಕ್ಷಣ ಹೊಸ ಪಾಸ್‌ವರ್ಡ್ ಹಾಕಿದರು.

ಸಂಜೆ ಹೂವಮ್ಮ ಕಾಂಪೌಂಡಿನಾಚೆಯಿಂದ ಕೂಗಿದಳು. "ಸೀತಕ್ಕ, ನಿಮ್ ವೈಫೈ ಕೆಟ್ಟೋಗಿದೆ ನೋಡಿ."

"ಕೆಟ್ಟಿಲ್ಲ ಮಾರಾಯ್ತಿ, ರಿಪೇರಿ ಆಗಿದೆ."

ಭಾನುವಾರ ಕವನಾ ಶಬ್ದರೂಪ ಒಪ್ಪಿಸುತ್ತಿದ್ದಳು. ಅವಳ ಪಕ್ಕ ಯೋಗೇಶ್ ಕೈಕಟ್ಟಿ ಕೂತಿದ್ದರು. ಹತ್ತೂ ಇಪ್ಪತ್ತಕ್ಕೆ ಪರದೆ ಮತ್ತೆ ನಿಂತಿತು! ಮೇಡಂ 'ಕವನಾ, ಕವನಾ' ಎಂದು ಕರೆದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ 'ಟಿಣ್' ಎಂದಿತು, ಕವನಾಳ ದನಿ ವಾಪಸ್ ಬಂತು. ಆ ಹಳೆಯ ಕಿವಿ ಸುಮ್ಮನಿದ್ದೀತೇ? ಮೇಡಂ ಲ್ಯಾಪ್‌ಟಾಪ್ ಎತ್ತಿಕೊಂಡೇ ಒಳಗೆ ನಡೆದರು.

"ಏನ್ರೀ ಮಾಡ್ತಿದ್ರಿ?"

"ಓವನ್ನಲ್ಲಿ ಹಾಲು ಬಿಸಿ ಮಾಡ್ತಿದ್ದೆ. ಪಾಠ ಹೇಳಿ ಗಂಟಲು ಒಣಗಿರುತ್ತಲ್ಲ, ನಿಂಗೆ ಕಾಫಿ ಕೊಡೋಣ ಅಂತ. ಪ್ರತಿ ವಾರ ಕೊಡಲ್ವಾ?"

"ಇನ್ನೊಂದ್ಸಲ ಹಾಕಿ."

ಹಾಕಿದರು. ಪರದೆಯಲ್ಲಿ ಕವನಾ ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಆರಿಸಿದರು. ಮಾತಾಡಿದಳು. ರೂಟರ್ ಕೂತಿದ್ದದ್ದು ಆ ಮೈಕ್ರೋವೇವ್ ಓವನ್ನಿನ ನೆತ್ತಿಯ ಮೇಲೇ. ಮೂರು ವಾರದ ಹಿಂದೆ ಅದನ್ನು ಅಲ್ಲಿಟ್ಟವರು ಸಾಕ್ಷಾತ್ ವೆಂಕಟಾಚಲ ಅವರೇ. ಪಾಪ, ಅವರ ಮುಖ ನೋಡುವ ಹಾಗಿರಲಿಲ್ಲ.

"ಸಿಕ್ಕಿಬಿದ್ರಿ!" ಎಂದು ಮೇಡಂ ಓವನ್ನಿನ ಪ್ಲಗ್ ಕಿತ್ತರು. ವೆಂಕಟಾಚಲ ತೆಪ್ಪಗೆ ಗ್ಯಾಸ್ ಒಲೆ ಹಚ್ಚಿದರು.

ಕವನಾ ಒಂದೂ ತಡೆಯಿಲ್ಲದೆ ಕೊನೆಯವರೆಗೆ ಒಪ್ಪಿಸಿದಳು. ಉಳಿದ ಎಂಟು ಮಕ್ಕಳೂ ಒಪ್ಪಿಸಿದರು. ಯೋಗೇಶ್ ಗಂಟಲು ಸರಿಮಾಡಿಕೊಂಡರು.

"ಮೇಡಂ, ನಮ್ಮಣ್ಣನ ಮಗಳೂ ಸೇರ್ಬೇಕಂತೆ. ಸೇರಿಸ್ಕೊಳ್ತೀರಾ?"

"ಧಾರಾಳವಾಗಿ. ಅವ್ರ ಮನೇಲಿ ರೂಟರ್ ಎಲ್ಲಿಟ್ಟಿದ್ದಾರೆ, ಮೊದಲು ಅದನ್ನ ಹೇಳಿ."