ಕೆಂಚಿಯ ಹಾಡನ್ನು ಕೊಟ್ಟವರು ಯಾರು

ಗಾವಡಗೆರೆಯ ಪ್ರಭುಸ್ವಾಮಿಯವರ ಬ್ಯಾರನ್ನಿನಲ್ಲಿ, ಎಂದರೆ ಹೊಗೆಸೊಪ್ಪು ಒಣಗಿಸುವ ಗೂಡಿನಲ್ಲಿ, ಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರು ನಾವು ಹನ್ನೊಂದು ಜನ. ನನ್ನ ಎಡಗಡೆ ಯಾವಾಗಲೂ ಚಾಮುಂಡಮ್ಮ ಕೂರುತ್ತಿದ್ದಳು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಸಣ್ಣಬೀರಯ್ಯ ಹಿಂದುಗಡೆ ಒಲೆಗೆ ಸೌದೆ ಹಾಕುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಚಾಮುಂಡಮ್ಮ ಮಾತಿಗೂ ಮುಂದು, ಅನುಮಾನಕ್ಕೂ ಮುಂದು. ತನ್ನ ಬುತ್ತಿಯನ್ನು ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಗಂಟಿನೊಳಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿಡುತ್ತಿದ್ದಳು.

ಅವಳ ಬಳಿ ಒಂದು ಹಾಡಿತ್ತು. ಕೆಂಚಿಯ ಹಾಡು. ಕೆಂಚಿ ಎಂದರೆ ಅವಳ ದೊಡ್ಡಮ್ಮ, ಅವ್ವನ ಅಕ್ಕ. ಗಂಡನ ಮನೆಗೆಂದು ತೆಪ್ಪ ಹತ್ತಿದವಳು ಆಚೆ ದಡ ಸೇರಲಿಲ್ಲ. ಅವ್ವ ರಾಗಿ ಬೀಸುತ್ತಾ ಆ ಹಾಡು ಕಟ್ಟಿದ್ದಳು.

ಒಂದು ಹುಟ್ಟು ಹಾಕಣ್ಣ, ತೌರು ಹಿಂದಕಾಯಿತು
ಎರಡು ಹುಟ್ಟು ಹಾಕಣ್ಣ, ತಾಯ ದನಿ ನಿಂತಿತು
ಮೂರು ಹುಟ್ಟು ಹಾಕಣ್ಣ, ತೆಪ್ಪ ನಡುನೀರಿಗೆ
ಬ್ಯಾಡ ಕಣಣ್ಣ ತಿರುಗಿಸು, ದೀಪ ಹಚ್ಚಿ ಬಂದಿಲ್ಲ

ಬೀಸುವ ಕಲ್ಲು ನಿಲ್ಲುವುದಿಲ್ಲ. ಅವ್ವನ ಬಾಯಲ್ಲಿ ಹಾಡೂ ಎಲ್ಲೂ ನಿಲ್ಲುತ್ತಿರಲಿಲ್ಲವಂತೆ. ಚಾಮುಂಡಮ್ಮ ಸೊಪ್ಪು ಕಟ್ಟುತ್ತಾ ಹಾಡುವಾಗ ಮಾತ್ರ ಪ್ರತಿ ಸಾಲಿನ ಕೊನೆಗೆ ಒಂದು ಚಿಕ್ಕ ತಡೆ ಬರುತ್ತಿತ್ತು, ಕಡ್ಡಿಗೆ ಸುತ್ತಿದ ದಾರವನ್ನು ಎಳೆಯುವಷ್ಟು. ಉಳಿದವರಿಗೆ ಅಲ್ಲೊಂದು ಇಲ್ಲೊಂದು ಸಾಲು ಬರುತ್ತಿತ್ತು. ಪೂರ್ತಿ ಬರುತ್ತಿದ್ದುದು ನನಗೊಬ್ಬಳಿಗೆ. "ಆಚೆ ಬುಡಬ್ಯಾಡ ನಂಜಕ್ಕ, ನಮ್ಮನೆ ಸಾವು ಇದು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ತೊಂಬತ್ತೈದರಲ್ಲಿ ಊರಿನಲ್ಲೊಂದು ಮದುವೆ. ಬ್ಯಾಂಡ್ ಸೆಟ್ಟಿನ ನಂಜಯ್ಯ ಹೆಣ್ಣು ಒಪ್ಪಿಸುವ ಹೊತ್ತಿಗೆ ಕ್ಲಾರಿಯೊನೆಟ್ ಎತ್ತಿ ಊದಿದ್ದು ಕೆಂಚಿಯ ಹಾಡನ್ನೇ. ಕೂತವರೆಲ್ಲ ಕಣ್ಣೊರೆಸಿಕೊಂಡರು. ಚಾಮುಂಡಮ್ಮ ಹಾಡು ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿನ್ನ ಮಗಳ ಮದುವೆಗೆ ಬ್ಯಾಂಡು ಗೊತ್ತು ಮಾಡಕೆ ಅಂತ ಇವನ ಮನೆಗೆ ಎಷ್ಟು ಸಲ ಓಗಿದ್ದೆ ನಂಜಕ್ಕ?"

"ಎರಡು ಸಲ."

"ಊಂ. ಎರಡು ಸಲ ಸಾಕು ಬುಡು."

ಮಾರನೆಯ ದಿನದಿಂದ ಅವಳು ಸಾಲಿನ ಆ ತುದಿಗೆ ಹೋಗಿ ಕೂತಳು. ಬ್ಯಾರನ್ನಿನಲ್ಲಿ ಹಾಡು ನಿಂತುಹೋಯಿತು.

ಮೂರು ವರ್ಷ ಹೀಗೇ ಹೋಯಿತು. ನಂಜಯ್ಯನನ್ನು ಕೇಳಿದರೆ ಎಲ್ಲೋ ಕಿವಿಗೆ ಬಿತ್ತು ಎಂದುಬಿಟ್ಟ. ನನಗೆ ನನ್ನ ಮೇಲೇ ಅನುಮಾನ. ಒಲೆ ಊದುವಾಗ, ನೀರು ಸೇದುವಾಗ, ಎಲ್ಲಾದರೂ ಬಾಯಿ ಬಿಟ್ಟೆನೇ? ಆಮೇಲೆ ಒಬ್ಬೊಬ್ಬರ ಮೇಲೂ ಅನುಮಾನ. ಸೊಪ್ಪು ವಿಂಗಡಿಸುವ ಪ್ರಮೀಳಾ ನಂಜಯ್ಯನ ಬೀದಿಯವಳು. ಪ್ರಭುಸ್ವಾಮಿಯವರು ಕಣದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದರು. ಪ್ರಮೀಳಾಳಿಗೆ ಬರುತ್ತಿದ್ದುದು ಎರಡೇ ಸಾಲು. ಮೂರು ದಿನ ಪಕ್ಕದಲ್ಲಿ ಕೂತು ಗೊತ್ತುಮಾಡಿಕೊಂಡೆ. ಟೇಪ್ ರೆಕಾರ್ಡರಿನ ಮುಚ್ಚಳ ತೆಗೆದು ನೋಡಿದೆ. ಒಳಗಿದ್ದುದು ದೇವರ ನಾಮದ ಕ್ಯಾಸೆಟ್ಟು.

ತೊಂಬತ್ತೆಂಟರ ಗಣಪತಿ ಹಬ್ಬಕ್ಕೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಸಂಜೆ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಹಾಡುವವನು ಕನಕರಾಜು, ನಂಜಯ್ಯನ ಅಕ್ಕನ ಮಗ. ಪ್ಯಾಂಟು, ಉದ್ದ ಕೂದಲು, ಕೈಯಲ್ಲಿ ಗಿಟಾರು. ಮೆಲ್ಲಗೆ ಶುರು ಮಾಡಿದ. ಒಂದು ಹುಟ್ಟು. ಎರಡು ಹುಟ್ಟಿಗೆ ಡ್ರಮ್ಮು ಸೇರಿಕೊಂಡಿತು. ಮೂರು ಹುಟ್ಟಿಗೆ ಎದೆ ನಡುಗುವಷ್ಟು ಸದ್ದು. ಆಮೇಲೆ ಎಲ್ಲಾ ನಿಂತಿತು. ಆಮೇಲೆ ಅವನು ಒಬ್ಬನೇ, ಕೂಗಿದ ಹಾಗೆ: ಬ್ಯಾಡ ಕಣಣ್ಣ ತಿರುಗಿಸು.

ಪ್ರತಿ ನುಡಿಯಲ್ಲೂ ಮೂರನೆಯ ಸಾಲಾದ ಮೇಲೆ ಅಷ್ಟೇ ತಡೆ. ಎಣಿಸಿದೆ. ನಿಧಾನವಾಗಿ ನಾಲ್ಕು ಎಣಿಸುವಷ್ಟು. ನಂಜಯ್ಯ ಮದುವೆಯಲ್ಲಿ ಊದಿದಾಗಲೂ ಅಲ್ಲೇ ನಿಂತಿದ್ದ. ಅವನಿಗೆ ದಮ್ಮು ಸಾಲದೆಂದುಕೊಂಡಿದ್ದೆ. ಗಿಟಾರಿಗೆ ಯಾವ ದಮ್ಮು? ಅವ್ವನ ಹಾಡಿನಲ್ಲಿ ಇಷ್ಟು ಉದ್ದದ ತಡೆ ಇಲ್ಲ, ಚಾಮುಂಡಮ್ಮನದರಲ್ಲಿ ಇಲ್ಲ, ನನ್ನದರಲ್ಲೂ ಇಲ್ಲ. ಹಾಡು ಕೊಟ್ಟವರು ಅಲ್ಲಿ ನಿಲ್ಲುವವರು.

ವಾಪಸು ಬಂದವಳು ಜನ ಹಾಡುವುದನ್ನು ಬಿಟ್ಟು ಜನ ಕೆಲಸದ ನಡುವೆ ನಿಲ್ಲುವುದನ್ನು ನೋಡತೊಡಗಿದೆ. ನೀರು ಹೊರುವವರು ನಿಲ್ಲುವುದಿಲ್ಲ. ಸೊಪ್ಪು ಮುರಿಯುವವರು ಬಗ್ಗುತ್ತಾರೆ, ನಿಲ್ಲುವುದಿಲ್ಲ. ಒಂದು ಮಧ್ಯಾಹ್ನ ಎಲೆಅಡಿಕೆಗೆ ಸುಣ್ಣ ಕೇಳೋಣವೆಂದು ಬ್ಯಾರನ್ನಿನ ಹಿಂದಕ್ಕೆ ಹೋದೆ. ಸಣ್ಣಬೀರಯ್ಯ ನನಗೆ ಬೆನ್ನು ಹಾಕಿ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ತುಟಿಯೊಳಗೇ ಹಾಡಿಕೊಳ್ಳುತ್ತಿದ್ದ. ಮೂರು ಸಾಲು ಹಾಡಿದ. ಕೊಕ್ಕೆಯಿಂದ ಒಲೆಯ ಬಾಗಿಲು ಎಳೆದ, ಒಂದು ತುಂಡು ಒಳಗೆ ತಳ್ಳಿದ, ಬಾಗಿಲು ಮುಚ್ಚಿದ. ಆಮೇಲೆ ನಾಲ್ಕನೆಯ ಸಾಲು.

ಹೋಗಿ ಚಾಮುಂಡಮ್ಮನ ರಟ್ಟೆ ಹಿಡಿದೆ.

"ಬುಡು ನಂಜಕ್ಕ, ಎಲ್ಲಿಗೆ ಎಳೀತೀಯೆ?"

"ಬಾಯಿ ಮುಚ್ಕೊಂಡು ಬಾ ಚಾಮಿ."

ಗೋಡೆಯ ಮೂಲೆಯಲ್ಲಿ ನಿಲ್ಲಿಸಿದೆ. ಒಂದು ನುಡಿ ಕೇಳಿದಳು. ಎರಡನೆಯದರ ಮಧ್ಯೆ ನುಗ್ಗಿದಳು.

"ಇಪ್ಪತ್ತು ವರ್ಷದಿಂದ ನಾ ಹಾಡಿದ್ದು ಕೇಳ್ತು ಅಂತ ಒಂದು ಮಾತು ಹೇಳ್ಲಿಲ್ವಲ್ಲೋ ಮಾರಾಯ! ನಂಜಯ್ಯಂಗೆ ನೀನೇ ಹೇಳ್ಕೊಟ್ಟಾ?"

ಸಣ್ಣಬೀರಯ್ಯ ಕೊಕ್ಕೆಯನ್ನು ಕೆಳಗಿಟ್ಟ. "ನಾನೆಲ್ಲಿ ಹಾಡ್ದೆ? ಗೊಣಗ್ದೆ ಅಷ್ಟೆಯಾ. ಆಷಾಢದಲ್ಲಿ ಮದುವೆ ಇಲ್ವಲ್ಲ, ಅವನು ಸೌದೆ ಗಾಡಿ ಹೊಡ್ಕಂಡು ಬತ್ತಿದ್ದ. ಇಳ್ಸೋಗಂಟ ಇಲ್ಲೇ ಕೂತಿರ್ತಿದ್ದ."

"ಏನ್ ಮಾಡ್ತಾ ಕೂತಿದ್ದ?"

"ಕೇಳ್ತಾ."

"ನಮ್ಮನೆ ಸಾವಿನ ಹಾಡು ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು ಕಣ. ಅದಕ್ಕೇ ಅಲ್ವಾ ಮೆಲ್ಲಗೆ ಗೊಣಗ್ದೆ."

ಅವಳು ಬಹಳ ಹೊತ್ತು ಅವನನ್ನು ನೋಡಿದಳು. ಇನ್ನೂ ಏನೋ ಮುಚ್ಚಿಟ್ಟಿದ್ದಾನೆಂಬ ನೋಟ ಅದು. ಆಮೇಲೆ ನನ್ನನ್ನೂ ಹಾಗೇ ನೋಡಿದಳು. ತಪ್ಪಾಯಿತು ಎನ್ನಲಿಲ್ಲ. ಸುಣ್ಣಕ್ಕೆಂದು ಬಂದಾಗ ಕೇಳಿಸಿತೆಂದೆ. "ಸುಣ್ಣ ಕೇಳಕೆ ಇವನ ಅತ್ರ ಯಾಕೆ ಬಂದೆ ನೀನು? ಪ್ರಮೀಳನ ತಾವ ಇರ್ಲಿಲ್ವಾ?" ಎಂದಳು.

ಮಾರನೆಯ ದಿನ ಬುತ್ತಿಯನ್ನು ತಂದು ನನ್ನ ಬುತ್ತಿಯ ಪಕ್ಕ ಇಟ್ಟು ಎಡಗಡೆ ಕೂತಳು. ಗಂಟಿನಲ್ಲಿ ಹುಲ್ಲುಕಡ್ಡಿ ಇದ್ದೇ ಇತ್ತು. ಹತ್ತು ಕಡ್ಡಿ ಸೊಪ್ಪು ಕಟ್ಟಿದಳು. ಹನ್ನೊಂದನೆಯದಕ್ಕೆ ಹಾಡು ಎತ್ತಿಕೊಂಡಳು. ಒಂದು ಹುಟ್ಟು, ಎರಡು ಹುಟ್ಟು, ಮೂರು ಹುಟ್ಟು. ದಾರ ಎಳೆದಳು. ಆದರೂ ನಾಲ್ಕನೆಯ ಸಾಲು ಬರಲಿಲ್ಲ. ಹಿಂದುಗಡೆ ಒಲೆಯ ಬಾಗಿಲು ಕಿರ್ ಎಂದು ತೆರೆಯಿತು, ಮುಚ್ಚಿತು. ಅದು ಮುಚ್ಚಿದ ಮೇಲೆಯೇ ಅವಳು ಬಾಯಿ ತೆಗೆದದ್ದು.

ನಾನು ಎಣಿಸಿದ್ದೆ. ನಾಲ್ಕು.